ನೀರಿನ ತೊಂದರೆ

ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ನಮಗೆ ತರಬೇತಿ ನಡೆಯಿತು. ಹಿಂದಿನ ದಿನದ ಮದುವೆಯ ಸಾಂಬಾರಿನ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಅಂಗವಿಕಲರ ಆರೋಗ್ಯ ಮತ್ತು ಯೋಗಕ್ಷೇಮದ ಬಗ್ಗೆ ಬೆಂಗಳೂರಿನ ಒಂದು ಸಂಸ್ಥೆ ಸಂಶೋಧನೆ ಮಾಡುತ್ತಿತ್ತು. ಕೆ.ಜಿ.ಎಫ್.ನಲ್ಲೂ ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರವನ್ನು ಟ್ಯಾಬಿನಲ್ಲಿ ಒತ್ತುವುದು ನಮ್ಮ ಕೆಲಸ. ನನ್ನನ್ನು ತೆಗೆದುಕೊಂಡಿದ್ದು ಮೂರು ಭಾಷೆಗೆ ಮತ್ತು ಒಂದು ಕಾಲಿಗೆ. ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ. ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋ ಬಂದು ಸಣಕಲಾಗಿದೆ, ಊರುಗೋಲಿಲ್ಲದೆ ನಡೆಯಲಾರೆ. "ನಿಮ್ಮನ್ನ ನೋಡಿದ್ರೆ ಜನ ಮನಸ್ಸು ಬಿಚ್ಚಿ ಮಾತಾಡ್ತಾರೆ," ಎಂದರು ಬೆಂಗಳೂರಿನಿಂದ ಬಂದಿದ್ದ ಮೇಡಂ. ನನ್ನನ್ನು ನೋಡಿದರೆ ಜನ ಮೊದಲು ಕಾಲು ನೋಡುತ್ತಾರೆ, ಆಮೇಲೆ ಮದುವೆಯಾಗಿದೆಯಾ ಎಂದು ಕೇಳುತ್ತಾರೆ. ಅದನ್ನು ಮೇಡಂಗೆ ಹೇಳಲಿಲ್ಲ. ಕೆಲಸ ಬೇಕಿತ್ತು.

ಪ್ರಶ್ನೆಗಳು ಒಂದೆರಡಲ್ಲ. ನೋವು ಎಲ್ಲಿ, ನಿದ್ದೆ ಹೇಗೆ, ಊಟ ಸೇರುತ್ತದೆಯೇ, ನೆಂಟರ ಮನೆಗೆ ಹೋಗುತ್ತೀರಾ, ಬದುಕು ಸಾಕೆನಿಸಿದೆಯೇ. ಅವುಗಳ ನಡುವೆ ಒಂದು: "ಮೂತ್ರ ವಿಸರ್ಜನೆಯಲ್ಲಿ ತೊಂದರೆ ಇದೆಯೇ?" ಅದನ್ನು ಓದಿದ ಕೂಡಲೇ ಹಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದೆವು. ಮಾವನೆದುರಿಗೆ ಸೊಸೆಯನ್ನು, ಮಗನೆದುರಿಗೆ ತಾಯಿಯನ್ನು ಹೀಗೆ ಕೇಳುವುದು ಹೇಗೆ? ಬಾಗಿಲಿಂದಲೇ ಅಟ್ಟಿಬಿಡುತ್ತಾರೆ. ಕೊನೆಗೆ ಯಾರೋ ಒಂದು ದಾರಿ ಹೇಳಿದರು. ನಮ್ಮ ಕಡೆ ದೊಡ್ಡವರು "ನೀರು ಸರಿಯಾಗಿ ಓಗ್ತಿಲ್ಲ" ಅನ್ನುವುದಿಲ್ಲವೇ? ಹಾಗಾದರೆ "ನೀರಿನ ತೊಂದರೆ ಇದೆಯೇ" ಎಂದು ಕೇಳಿದರಾಯಿತು. ಮರ್ಯಾದೆಯೂ ಉಳಿಯುತ್ತದೆ, ಉತ್ತರವೂ ಸಿಗುತ್ತದೆ. ಎಲ್ಲರೂ ತಲೆಯಾಡಿಸಿದರು. ಜನರದೇ ಮಾತು ಸಿಕ್ಕಿತು ಎಂದು ಮೇಡಂಗೂ ಖುಷಿ.

ನಮ್ಮ ಊರುಗಳಲ್ಲಿ ಹೋಗಿ ಹೋಗಿ ನೀರಿನ ತೊಂದರೆ ಇದೆಯಾ ಎಂದು ಕೇಳುವುದೇ! ನಲ್ಲಿಗೆ ಮನಸ್ಸು ಬಂದಾಗ ನೀರು ಬರುವ ಊರು, ಬೋರ್‌ವೆಲ್ ಕೊರೆದರೆ ಧೂಳು ಏಳುವ ಊರು. ಆಂಡರ್ಸನ್‌ಪೇಟೆಯಲ್ಲಿ ಕಣ್ಣು ಕಾಣದ ಒಬ್ಬ ಹಿರಿಯರು ನನ್ನ ಪ್ರಶ್ನೆಗೆ ಮಂಚದ ಮೇಲೆ ಎದ್ದು ಕೂತು, ಟ್ಯಾಂಕರಿನವನನ್ನು, ಕೌನ್ಸಿಲರನನ್ನು, ಪಕ್ಕದ ಮನೆಯವರ ಮೋಟರನ್ನು ಒಂದೊಂದಾಗಿ ಬೈದರು. ಆಂಧ್ರದ ಗಡಿಯ ಹಳ್ಳಿಯ ಅಜ್ಜಿಯೊಬ್ಬಳು, "ನೀಳ್ಳ ಕಷ್ಟಂ ಎಪ್ಪುಡು ಲೇದಮ್ಮಾ?" ಎಂದು ನನ್ನನ್ನೇ ತಿರುಗಿ ಕೇಳಿದಳು, ನೀರಿನ ಕಷ್ಟ ಯಾವಾಗ ಇರಲಿಲ್ಲ ಎಂದು. ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಇನ್ನೂ ಚೆಂದ. ತಮಿಳಿನಲ್ಲಿ ತಣ್ಣಿ ಎಂದರೆ ನೀರೂ ಹೌದು, ಹೆಂಡವೂ ಹೌದು. "ತಣ್ಣಿ ಪ್ರಚನೆ ಇರುಕ್ಕಾ?" ಎಂದು ನಾನು ಕೇಳಿದರೆ, ಕೈ ಸ್ವಾಧೀನವಿಲ್ಲದ ಆ ಹೆಂಗಸು ಒಳಗೆ ಮಲಗಿದ್ದ ಗಂಡನ ಕಡೆ ಗಲ್ಲ ಎತ್ತಿ, "ಎನಕ್ಕಿಲ್ಲೆ ಮಾ, ಅವರುಕ್ಕು ತಾನ್," ಅಂದಳು. ನನಗಿಲ್ಲಮ್ಮ, ಅವರಿಗೇ.

ಹೆಚ್ಚುಕಡಿಮೆ ಎಲ್ಲವನ್ನೂ "ಹೌದು" ಎಂದೇ ಒತ್ತಿದೆವು. ಉತ್ತರಕ್ಕೆ ಇದ್ದದ್ದು ಎರಡೇ ಗುಂಡಿ, ಹೌದು ಮತ್ತು ಇಲ್ಲ. ಕೆಲವು ದಿನಗಳಲ್ಲಿ ಮೇಡಂ ಫೋನು ಬಂತು, ದನಿಯಲ್ಲಿ ಗಾಬರಿ. "ಏನ್ರೀ ಇದು, ಇಡೀ ಏರಿಯಾಗೇ ಮೂತ್ರದ ಕಾಯಿಲೆ ಇದೆಯಲ್ಲ! ಗಣಿ ಮಣ್ಣಿನ ದಿಬ್ಬಗಳಿಂದ ಏನಾದ್ರೂ ಬರ್ತಿದೆಯಾ?" ನನಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ಕೆಲಸದಲ್ಲಿ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ ಇರಬೇಕು.

ಆಮೇಲೆ ಪ್ರಶ್ನೆಯನ್ನು ತಿದ್ದಿದರು. ಮೂತ್ರ ಎಂದೇ ಕೇಳಬೇಕು, ಸುತ್ತಿಬಳಸಬಾರದು ಎಂದು ಅಪ್ಪಣೆಯಾಯಿತು. ಸರಿ, ಕೇಳಿದೆವು. ಎಲ್ಲರೂ "ಇಲ್ಲ" ಅಂದರು. ಹೆಂಗಸರಂತೂ ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಅಂದರು. ಟ್ಯಾಬಿನ ಲೆಕ್ಕದಲ್ಲಿ ಇಡೀ ಸೀಮೆಗೆ ಒಂದೇ ವಾರದಲ್ಲಿ ಕಾಯಿಲೆ ವಾಸಿಯಾಯಿತು.

ಆ ಬೇಸಿಗೆಯಲ್ಲಿ ನಾನು ಬಹಳ ದಣಿದಿದ್ದೆ. ಊರುಗೋಲು ಒತ್ತಿ ಕಂಕುಳು ಹುಣ್ಣಾಗಿತ್ತು. ಬಸ್ಸಿನಲ್ಲಿ ಅಂಗವಿಕಲರ ಸೀಟಿನಲ್ಲಿ ಕೂತ ಗಟ್ಟಿಮುಟ್ಟಾದವರನ್ನು ಎಬ್ಬಿಸಲು ದಿನಾ ಜಗಳ. ಒಮ್ಮೆ ಹೀಗೆ ನಾನು ಎಬ್ಬಿಸಿದವನೊಬ್ಬ, "ಕುಂಟನಿಗೆ ಎಂಟು ಚೇಷ್ಟೆ ಅಂತ ಸುಮ್ನೆ ಅಂದಿಲ್ಲ," ಎಂದು ಗೊಣಗಿದ. ಕುಂಟಿಗೆ ಹದಿನಾರು, ಲೆಕ್ಕ ಸರಿಯಾಗಿ ಕಲಿ ಎಂದೆ. ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ. "ಕಳೆದ ನಾಲ್ಕು ವಾರಗಳಲ್ಲಿ ನಿಮಗೆ ಎಲ್ಲವೂ ಸಾಕಾಗಿದೆ ಎನಿಸಿದೆಯೇ" ಎಂದು ಊರೂರಿಗೆ ಹೋಗಿ ಕೇಳುತ್ತಿದ್ದವಳು ನಾನು. ನನ್ನನ್ನು ಯಾರಾದರೂ ಕೇಳಿದ್ದರೆ ಟ್ಯಾಬನ್ನು ಅವರ ಕೈಗೇ ಕೊಟ್ಟು ಮನೆಗೆ ಹೋಗಿಬಿಡುತ್ತಿದ್ದೆ.

ಇನ್ನೊಂದು ವಿಷಯ ಹೇಳಬೇಕು. ಕೆಲಸಕ್ಕೆ ಹೊರಟ ದಿನ ನಾನು ನೀರು ಕುಡಿಯುವುದಿಲ್ಲ. ವ್ರತವಲ್ಲ. ಕುಡಿದದ್ದನ್ನು ಎಲ್ಲಿ ಬಿಡಲಿ ಎಂಬುದು ಸಮಸ್ಯೆ. ಬಯಲಿನಲ್ಲಿ ಕೂರಲಾರೆ, ಕೂತರೆ ಏಳಲಾರೆ. ಹಳ್ಳಿಮನೆಗಳ ಶೌಚಾಲಯಗಳು ಎತ್ತರದ ಕಟ್ಟೆಯ ಮೇಲೆ, ಒಳಗೆ ಊರುಗೋಲು ಊರಲೂ ಜಾಗವಿಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೊರಟರೆ, ಸಂಜೆ ಆಂಡರ್ಸನ್‌ಪೇಟೆಯ ನನ್ನ ಬಾಡಿಗೆ ಮನೆಯ ಬೀಗ ತೆಗೆದ ಮೇಲೆಯೇ ನೀರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಬೇಡ ಅಂದರೆ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ, ಜಾತಿ ನೋಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಹಾಗಾಗಿ ಕೆಲವು ಸುಳ್ಳುಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಈಗ ತಾನೇ ಎಳನೀರು ಕುಡಿದೆ. ಹಲ್ಲು ಕೀಳಿಸಿದ್ದೇನೆ. ಈವತ್ತು ಒಪ್ಪೊತ್ತು.

ಹೀಗೆ ಸುಳ್ಳು ಹೇಳಿಕೊಂಡೇ ಕಾಮಸಮುದ್ರದ ಆಚೆಯ ಒಂದು ಹಳ್ಳಿಗೆ ಹೋದೆ. ರಾಗಿ, ಒಂದಿಷ್ಟು ಟೊಮ್ಯಾಟೊ, ಎರಡು ಸೀಮೆ ಹಸು, ಡೇರಿಗೆ ಹಾಲು. ನಾನು ಹುಟ್ಟಿದ ಮನೆಯಂಥದ್ದೇ ಮನೆ. ಕಲ್ಲುಚಪ್ಪಡಿಯ ಒಂದೇ ದೊಡ್ಡ ಕೋಣೆ, ಅದರಲ್ಲೇ ಒಲೆ, ದೇವರ ಗೂಡು, ಹಾಲಿನ ಕ್ಯಾನು. ಬಾಗಿಲ ಪಕ್ಕ ನನ್ನ ವಾರಗೆಯ ಹೆಂಗಸೊಬ್ಬಳು ಗೋಣಿಚೀಲದ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಆ ಮನೆಯ ಮಗಳು. ನನಗೆ ಒಂದು ಕಾಲು ಹೋಗಿದ್ದರೆ ಅವಳಿಗೆ ಎರಡೂ ಹೋಗಿದ್ದವು, ಅದೇ ಪೋಲಿಯೋ. ಅಂಗಳದ ಆಚೆ ಅವಳ ಅಣ್ಣ ಹಸು ತೊಳೆಯುತ್ತಿದ್ದ.

ಅವಳ ತಾಯಿ ಚೊಂಬು ತಂದು ಮುಂದೆ ಹಿಡಿದಳು. ಸೊಂಟ ಬಾಗಿದ ಮುದುಕಿ.

"ಬೇಡಮ್ಮ, ಈಗ ತಾನೇ ಎಳನೀರು ಕುಡಿದೆ," ಎಂದೆ.

"ಈ ಊರಾಗೆ ಎಳನೀರು ಎಲ್ಲಿ ಸಿಕ್ತು ತಾಯಿ ನಿಂಗೆ?" ಎಂದಳು ಮುದುಕಿ.

ಹುಣಸೆ ಬಿಡಿಸುತ್ತಿದ್ದವಳು ನನ್ನ ಊರುಗೋಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ ನಕ್ಕಳು. "ಬಿಡವ್ವ, ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಆಮ್ಯಾಕೆ ಕುಡೀತಾಳೆ. ನೀನೋಗಿ ಕರೂಗೆ ಉಲ್ಲಾಕು." ತಾಯಿ ಕೊಟ್ಟಿಗೆಯ ಕಡೆ ಹೋಗುವವರೆಗೆ ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದಳು: "ನೀನೂ ಕುಡ್ಯಲ್ವಾ ಅಕ್ಕ?"

ನಾನು ಗುಟ್ಟೆಂದುಕೊಂಡಿದ್ದನ್ನು ಅವಳು ನೋಡಿದ ಕ್ಷಣದಲ್ಲೇ ಹಿಡಿದಿದ್ದಳು. ಕೋಪ ಬಂದಿರಬೇಕಿತ್ತು, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬರಲಿಲ್ಲ. ಕುಡಿಯಲ್ಲ ಎಂದು ಒಪ್ಪಿಕೊಂಡೆ.

"ನಾನೂ ಕುಡ್ಯಲ್ಲ," ಎಂದಳು.

ಟ್ಯಾಬು ತೆಗೆದು ಪ್ರಶ್ನೆಗಳನ್ನು ಶುರುಮಾಡಿದೆ. ಕುಡಿಯುವ ನೀರು ಲಭ್ಯವಿದೆಯೇ? ಹೌದು, ಹಿತ್ತಲಲ್ಲಿ ತೊಟ್ಟಿ ತುಂಬ ಇತ್ತು. ಶೌಚಾಲಯ ಇದೆಯೇ? ಹೌದು, ಕೊಟ್ಟಿಗೆಯ ಹಿಂದೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿಸಿದ್ದು, ಮೆಟ್ಟಿಲಿನ ಮೇಲೆ. ಮೂತ್ರದ ತೊಂದರೆ? ಅಣ್ಣ ಕೇಳಿಸುವಷ್ಟು ದೂರದಲ್ಲೇ ಇದ್ದ. ಅವಳು ಅವನ ಬೆನ್ನನ್ನು ನೋಡಿ, "ಇಲ್ಲ ಅಂತ ಒತ್ಕೊ," ಎಂದಳು. ಒತ್ತಿದೆ. ನೀವು ನೀರು ಕುಡಿಯುತ್ತೀರಾ ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ನೀರಿದ್ದವರು ಕುಡಿಯದೆ ಇರುತ್ತಾರೆಯೇ ಎಂದುಕೊಂಡಿರಬೇಕು ಬರೆದವರು.

ಅಣ್ಣ ಡೇರಿಗೆ ಹೊರಟ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಮೊದಲೆಲ್ಲ ಕೈಯೂರಿಕೊಂಡು ನೆಲದ ಮೇಲೆ ತೆವಳಿಯೇ ಹಿತ್ತಲಿಗೆ ಹೋಗಿಬರುತ್ತಿದ್ದಳು. ಇಷ್ಟು ವರ್ಷ ಮೈಭಾರ ಹೊತ್ತ ಹೆಗಲಿನ ಕೀಲುಗಳು ಈಗ ಸವೆದುಹೋಗಿವೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಅವ್ವನಿಗೆ ಎತ್ತುವ ಶಕ್ತಿಯಿಲ್ಲ. ಅಣ್ಣ ಗಂಡಸು. ಎತ್ತುವವಳು ಅತ್ತಿಗೆ ಒಬ್ಬಳೇ. ಆ ಅತ್ತಿಗೆ ಕೋಳಿ ಕೂಗುವ ಹೊತ್ತಿಗೆ ಎದ್ದು ಹಾಲು ಕರೆದು, ಇವಳನ್ನು ಒಮ್ಮೆ ಎತ್ತಿಕೊಂಡು ಹೋಗಿಬಂದು, ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹಿಡಿದು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮರಳಿ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಇವಳ ಗಂಟಲಿಗೆ ಹನಿ ನೀರಿಲ್ಲ. ಸಾರು ಅನ್ನವನ್ನು ಕೂಡ ಗಟ್ಟಿಯಾಗಿ ಕಲೆಸಿಕೊಂಡು ಉಣ್ಣುತ್ತಾಳೆ.

"ಮೊನ್ನೆ ಯುಗಾದಿ ಆದ್ಮ್ಯಾಕೆ ಚಳಿ ಜ್ವರ ಬಂತಕ್ಕ. ಬೆನ್ನು ಇಂಡ್ತಾ ಇತ್ತು. ಕೋಲಾರಕ್ಕೆ ಕರ್ಕೊಂಡೋದ್ರು. ಮಿಶಿನ್ನಾಗೆ ನೋಡಿದ್ರು. ಒಂದು ಕಿಡ್ನಿ ಸುಕ್ಕೋಗೈತಂತೆ, ಒಣಗಿದ ನೆಲ್ಲಿಕಾಯಂಗೆ. ಇನ್ನೊಂದು ನೀರು ಕುಡುದ್ರೆ ಉಳೀತೈತೆ, ಇಲ್ದಿದ್ರೆ ಅದೂ ಓಯ್ತದೆ ಅಂದ್ರು."

"ಮತ್ತೆ ಕುಡೀರಿ!" ಎಂದೆ. ಹೇಳಿದ ಮೇಲೆ ನನ್ನ ದಡ್ಡತನಕ್ಕೆ ನನಗೇ ನಾಚಿಕೆಯಾಯಿತು.

"ಡಾಕ್ಟ್ರೂ ಅದೇ ಅಂದ್ರು. ನೀರು ಕುಡಿಯಮ್ಮ, ದಿನಾ ದೊಡ್ಡ ಬಾಟ್ಲಿ ತುಂಬ್ಕೊಂಡು ಕುಡಿ ಅಂತ. ಕುಡಿಯಾದು ಕುಡೀತೀನಿ ಸ್ವಾಮಿ, ಉಯ್ಯಾಕೆ ಯಾರ್ನ ಕರೀಲಿ ಅಂತ ನಾನು ಕೇಳ್ಲಿಲ್ಲ. ಅಣ್ಣ ಪಕ್ದಾಗೇ ನಿಂತಿದ್ದ."

ಹಿಂದಿರುಗುವ ಬಸ್ಸಿನಲ್ಲಿ ಮೇಡಂಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. ಬಹಳ ಮುಖ್ಯವಾದ ವಿಷಯ, ಇದನ್ನು ಖಂಡಿತ ವರದಿಯಲ್ಲಿ ಸೇರಿಸೋಣ ಎಂದರು. ವರದಿ ಬರುವ ಹೊತ್ತಿಗೆ ಅವಳ ಎರಡನೇ ಕಿಡ್ನಿ ಇರುತ್ತದೆಯೇ ಎಂದು ಕೇಳಿದೆ. ಅಧ್ಯಯನ ನಡೆಯುವಾಗ ನಾವು ಅವರ ಬದುಕಿನಲ್ಲಿ ಕೈಹಾಕುವಂತಿಲ್ಲ, ಆಸ್ಪತ್ರೆಗೆ ಹೋಗಿ ಎಂದು ಹೇಳಬಹುದು ಅಷ್ಟೇ ಎಂದರು. ಅವಳು ಆಸ್ಪತ್ರೆಗೆ ಹೋಗಿಬಂದ ಮೇಲೂ ನೀರಿಗೆ ಹೆದರಿ ಕೂತಿದ್ದಾಳೆ ಎಂದೆ. ಅವರೂ ದಣಿದ ದನಿಯಲ್ಲಿ, "ನಿಮ್ಮ ಕೋಪ ಅರ್ಥ ಆಗುತ್ತೆ," ಎಂದರು. ಅರ್ಥವಾದರೆ ಸಾಕೇ? ಫೋನಿಟ್ಟೆ. ನನ್ನ ಬಾಯಿಯೂ ಒಣಗಿತ್ತು.

ಭಾನುವಾರ ಟ್ಯಾಬನ್ನು ಮನೆಯಲ್ಲಿಟ್ಟು ನಾನಾಗಿಯೇ ಹೋದೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು, ಕೆಳಗೊಂದು ಬಕೆಟ್ ಇಟ್ಟು, ಮೂಲೆಗೊಂದು ಪರದೆ ಕಟ್ಟಿದರೆ ಆಯಿತಲ್ಲ ಎಂದು ಯೋಚಿಸಿದ್ದೆ. ಎಷ್ಟು ಸುಲಭ! ದಾರಿಯುದ್ದಕ್ಕೂ ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ.

ತಾಯಿ ಕೇಳಿ ಹೌಹಾರಿದಳು. "ಮನೆ ಒಳಕ್ಕೆ ಉಚ್ಚೆ ಬಕೀಟಾ? ಒಲೆ ಇಲ್ಲೈತೆ, ದೇವ್ರು ಇಲ್ಲವ್ನೆ, ಡೇರಿ ಆಲು ಇಲ್ಲೇ ಇಡ್ತೀವಿ. ಎಂಗ್ ತಾಯಿ ಆಯ್ತದೆ?"

"ದೇವರಿಗೆ ಬೇಜಾರಾಗಬಾರದು ಅಂತ ಮಗಳನ್ನ ಕಳ್ಕೋತೀರಾ?" ಎಂದುಬಿಟ್ಟೆ. ದನಿ ಏರಿತ್ತು.

ಮುದುಕಿ ನೆಲಕ್ಕೆ ಕೂತಳು. ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟಳು. "ದೇವ್ರು ಸಾಯ್ಲಿ ಬಿಡು," ಎಂದಳು, ಸಣ್ಣದಾಗಿ. "ಬಕೀಟು ನಾನು ಇವತ್ತು ಎತ್ತೇನು, ನಾಳೀಕೂ ಎತ್ತೇನು. ನಾನೋದ್ಮ್ಯಾಕೆ? ಸೊಸೆ ಎತ್ಬೇಕು. ಗೇದು ಬಂದು ನಾದಿನಿ ಉಚ್ಚೆ ಎತ್ತು ಅಂದ್ರೆ ಯಾವ ಸೊಸೆ ಇರ್ತಾಳೆ? ಅವಳು ಬ್ಯಾರೆ ಮನೆ ಮಾಡ್ಕೊಂಡು ಓದ್ರೆ ಈ ನನ್ ಮಗಳ ಗತಿಯೇನು?"

ಮಗಳು ತಲೆಯೆತ್ತದೆ ಹುಣಸೆ ಬೀಜವನ್ನು ಬೆರಳಲ್ಲಿ ಉರುಳಿಸುತ್ತಿದ್ದಳು. "ನಂಗೂ ಬ್ಯಾಡಕ್ಕ. ಅತ್ತಿಗೆ ಅಷ್ಟು ಮಾಡಾದೇ ಎಚ್ಚು."

ಅತ್ತಿಗೆ ಅಲ್ಲೇ ಇದ್ದಳು. ವಾರಕ್ಕೊಂದು ರಜೆ ಅವಳಿಗೆ. ಅಕ್ಕಿ ಆರಿಸಲು ಕೂತವಳು ಗೋಡೆಗೊರಗಿ, ತಟ್ಟೆ ತೊಡೆಯ ಮೇಲಿದ್ದಂತೆಯೇ ನಿದ್ದೆ ಹೋಗಿದ್ದಳು. ಅಥವಾ ಹಾಗೆ ಕಂಡಳು. ಹರೆಯದ ಮುಖ ಕಣ್ಣ ಕೆಳಗೆ ಕಪ್ಪಾಗಿತ್ತು. ಎಬ್ಬಿಸಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ನೋಡುತ್ತಿದ್ದರು, ಅದಕ್ಕೆ ಒಬ್ಬಳು ಒಣಗುತ್ತಿದ್ದಳು. ಇದರಲ್ಲಿ ನಾನು ಯಾರನ್ನು ಬೈಯಲಿ? ಬೈಯಲು ಯಾರೂ ಸಿಗದಿದ್ದರೆ ನನಗೆ ಇನ್ನೂ ಸುಸ್ತಾಗುತ್ತದೆ. ಬರುತ್ತೇನೆ ಎಂದು ಎದ್ದೆ. ಬಸ್ಸಿಗೆ ಬಹಳ ಹೊತ್ತು ಬಿಸಿಲಲ್ಲಿ ಕಾದೆ.

ಆಮೇಲೆ ಆ ಕಡೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ಬೇರೆ ಹಳ್ಳಿಗಳು, ಬೇರೆ ಮನೆಗಳು, ಅದೇ ಪ್ರಶ್ನೆಗಳು. ಈಗ ಹೆಂಗಸರು "ಇಲ್ಲ" ಅಂದಾಗ ನಾನು ಅವರ ತುಟಿ ನೋಡುತ್ತಿದ್ದೆ. ಒಣಗಿ ಬಿರಿದ ತುಟಿಗಳು ಎಷ್ಟೋ ಕಂಡವು. ನೀರು ಕುಡಿಯುತ್ತೀರಾ ಎಂದು ನಾನಾಗಿಯೇ ಕೇಳತೊಡಗಿದೆ. ಕೆಲವರು ನಕ್ಕರು, ಕೆಲವರು ಮಾತು ಬದಲಿಸಿದರು. ಟ್ಯಾಬಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೇಡಂಗೆ ಹೇಳಿದೆ, ಮುಂದಿನ ಅಧ್ಯಯನದಲ್ಲಿ ಆ ಪ್ರಶ್ನೆ ಇಡೋಣ ಎಂದರು. ಇಟ್ಟರೆ ಒಳ್ಳೆಯದೇ.

ಮಳೆಗಾಲ ಮುಗಿದ ಮೇಲೆ ಎರಡನೇ ಸುತ್ತು ಶುರುವಾಯಿತು. ಅದೇ ಮನೆಗಳಿಗೆ ಮತ್ತೆ ಹೋಗಿ ಆರೋಗ್ಯದಲ್ಲಿ ಏನು ವ್ಯತ್ಯಾಸವಾಗಿದೆ ಎಂದು ಕೇಳಬೇಕು. ಆ ಹಳ್ಳಿಯನ್ನು ಆದಷ್ಟು ಮುಂದಕ್ಕೆ ಹಾಕಿದೆ. ಅವಳು ಇಲ್ಲದಿದ್ದರೆ ಎಂಬ ಹೆದರಿಕೆ. ನಾವು ಮತ್ತೆ ಹೋಗುವ ಮನೆಗಳಲ್ಲಿ ಅದು ಆಗುತ್ತದೆ. ಟ್ಯಾಬಿನಲ್ಲಿ ಅದಕ್ಕೂ ಒಂದು ಗುಂಡಿ ಇದೆ. ಕೊನೆಗೆ ಹೋಗಲೇಬೇಕಾಯಿತು.

ದೂರದಿಂದಲೇ ಬಾಗಿಲ ಪಕ್ಕ ಅವಳು ಕಂಡಳು. ಈ ಸಲ ಅವರೆಕಾಯಿ ಸುಲಿಯುತ್ತಿದ್ದಳು. ಇರುವ ಒಂದು ಕಾಲಿನ ಬಲವನ್ನೆಲ್ಲ ಹಾಕಿ ಬೇಗ ಬೇಗ ಅಂಗಳದವರೆಗೆ ನಡೆದೆ.

"ಬಾರಕ್ಕ, ಅಂಗೇ ಇನ್ನೊಂದೆಜ್ಜೆ ಬಂದು ಕೊಟ್ಟಿಗೆ ನೋಡು," ಎಂದಳು. ಅವಳ ಮುಖದಲ್ಲಿ ನಗು ಅದುಮಿಟ್ಟಂತಿತ್ತು.

ಕೊಟ್ಟಿಗೆಯಲ್ಲಿ ಹಸುಗಳ ಆಚೆ, ಗಂಜಲ ಹರಿದುಹೋಗುವ ಸಿಮೆಂಟಿನ ಕಾಲುವೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ನಡುವೆ ತೂತು. ಅದರ ಕಾಲುಗಳನ್ನು ಗೇಣುದ್ದಕ್ಕೆ ಕುಯ್ದಿದ್ದರು. ಸುತ್ತ ಹಳೆಯ ಸೀರೆಯ ಪರದೆ. ಮೇಲಿನ ತೊಲೆಯಿಂದ ಇಳಿಬಿಟ್ಟ ದಪ್ಪ ಹಗ್ಗ, ಹಿಡಿಯಲು ಗಂಟು ಹಾಕಿತ್ತು. ಮನೆಯಿಂದ ಕೊಟ್ಟಿಗೆಗೆ ನೆಲ ಸಮ, ಮೆಟ್ಟಿಲಿಲ್ಲ. ಕುರ್ಚಿ ಗಿಡ್ಡ, ಮುದುಕಿ ಒಂದು ಕೈ ಕೊಟ್ಟರೂ ಅವಳು ಹತ್ತಿ ಕೂರಬಹುದಿತ್ತು. ಎತ್ತಲು ಬಕೆಟ್ಟೇ ಇರಲಿಲ್ಲ. ಒಂದು ಚೊಂಬು ನೀರು ಹೊಯ್ದರೆ ಗಂಜಲದ ಜೊತೆ ತಿಪ್ಪೆಗುಂಡಿಗೆ ಹೋಗುತ್ತಿತ್ತು.

ಅತ್ತಿಗೆಯ ಕೆಲಸ. ಆ ಭಾನುವಾರ ಅವಳಿಗೆ ನಿದ್ದೆ ಬಂದಿರಲಿಲ್ಲವಂತೆ, ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಳಂತೆ. ಮುಂದಿನ ರಜೆಯ ದಿನ ಪಕ್ಕದ ಮನೆಯಿಂದ ಗರಗಸ ತಂದು ಕುರ್ಚಿ ಕುಯ್ಯಲು ಕೂತಳು. ಅತ್ತೆ ಮೈಲಿಗೆ ಎಂದು ಬಾಯಿ ತೆರೆದದ್ದಕ್ಕೆ ಏನು ಹೇಳಿದಳೆಂಬುದನ್ನು ನನ್ನ ವಾರಗೆಯವಳು ಅತ್ತಿಗೆಯ ದನಿಯಲ್ಲೇ ಆಡಿ ತೋರಿಸಿದಳು: "ದನ ಉಯ್ಯೋ ಕಡೆ ಮನುಷ್ಯ್ರು ಉಯ್ದ್ರೆ ಯಾವ ಮೈಲಿಗೆ ಅತ್ತೆ? ಅಬ್ಬ ಬಂದ್ರೆ ಗಂಜಲ ತಂದು ಮನೆಯೆಲ್ಲ ಚಿಮುಕ್ಸ್ತೀರಿ. ನಾದಿನಿದು ಚಿಮುಕ್ಸಿ ಅಂತ ನಾನೇನು ಅಂದ್ನಾ?" ಮುದುಕಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳಂತೆ.

"ಕುರ್ಚಿ ಕಾಲು ಕುಯ್ಯುವಾಗ ನಾನಂದೆ, ಬಾರೇ ಕುರ್ಚಿ, ನೀನೂ ನಮ್ ಜಾತಿಗೆ ಸೇರ್ಕೊ ಅಂತ," ಎಂದು ಹೇಳಿ ಅವಳು ತನ್ನ ಮಾತಿಗೆ ತಾನೇ ನಕ್ಕಳು. ನಾನೂ ನಕ್ಕೆ.

ಟ್ಯಾಬು ತೆಗೆದೆ. ಕಿಡ್ನಿಯ ವಿಷಯ ಕೇಳಲು ನಾಲಿಗೆ ಹಿಂಜರಿಯುತ್ತಿತ್ತು. ಅವಳೇ ಹೇಳಿದಳು. ದಸರಾ ಆದ ಮೇಲೆ ಕೋಲಾರಕ್ಕೆ ಹೋಗಿ ಮತ್ತೆ ತೋರಿಸಿದ್ದರು. ಸುಕ್ಕಿದ್ದು ಸುಕ್ಕಿದ್ದೇ. "ಇನ್ನೊಂದು ಅಂಗೇ ಐತಂತೆ ಅಕ್ಕ. ಅಂಗೇ!" ಆ ಮಾತನ್ನು ಅವಳು ಹಬ್ಬದ ಸುದ್ದಿಯ ಹಾಗೆ ಹೇಳಿದಳು. ಟ್ಯಾಬಿನಲ್ಲಿ ಪ್ರಶ್ನೆ ಹೀಗಿತ್ತು: ಕಳೆದ ಭೇಟಿಗೆ ಹೋಲಿಸಿದರೆ ನಿಮ್ಮ ಆರೋಗ್ಯ ಸುಧಾರಿಸಿದೆಯೇ, ಹದಗೆಟ್ಟಿದೆಯೇ, ಹಾಗೆಯೇ ಇದೆಯೇ? ಅವಳನ್ನೇ ಕೇಳಿದೆ. "ಅಂಗೇ ಐತೆ ಅಂತ ಒತ್ಕೊ," ಎಂದಳು. ಒತ್ತಿದೆ. ವರದಿಯಲ್ಲಿ ಅದು "ಯಾವುದೇ ಬದಲಾವಣೆ ಇಲ್ಲ" ಎಂಬ ಸಾಲಿಗೆ ಹೋಗುತ್ತದೆ. ಹೋಗಲಿ.

ಅಷ್ಟರಲ್ಲಿ ತಾಯಿ ಚೊಂಬಿನಲ್ಲಿ ನೀರು ತಂದಳು. ಎಂದಿನಂತೆ ನನ್ನ ಕೈ ಬೇಡ ಎಂದು ಎದ್ದಿತು. ಯಾವ ಸುಳ್ಳು ಹೇಳಲಿ ಎಂದು ಹುಡುಕುತ್ತಿದ್ದೆ.

"ಸುಮ್ನೆ ಕುಡಿಯಕ್ಕ," ಎಂದಳು ನನ್ನ ವಾರಗೆಯವಳು. "ಕುರ್ಚಿ ಐತಲ್ಲ."

ಚೊಂಬು ಕೈಯಲ್ಲಿ ಹಿಡಿದು ಕೂತೆ. ಎಷ್ಟು ಊರು, ಎಷ್ಟು ಜಗಲಿ. ನನ್ನ ನೋವು, ನನ್ನ ನಿದ್ದೆ, ನನ್ನ ಮದುವೆ ಎಲ್ಲವನ್ನೂ ಕೇಳಿದ ಜನ ಇದ್ದಾರೆ. ಕುಡಿದರೆ ನಿನಗೆ ಜಾಗವಿದೆ ಎಂದು ಯಾರೂ ಹೇಳಿರಲಿಲ್ಲ. ಅತ್ತುಬಿಟ್ಟೆ. ಮುಚ್ಚುಮರೆ ಮಾಡಲಿಲ್ಲ, ಮಾಡಲು ಕೈ ಖಾಲಿ ಇರಲಿಲ್ಲ. ಆಮೇಲೆ ಚೊಂಬೆತ್ತಿ ಪೂರ್ತಿ ಕುಡಿದೆ. ಬೋರ್‌ವೆಲ್ಲಿನ ಸಪ್ಪೆ ನೀರು. ತಾಯಿ ಮತ್ತೆ ತುಂಬಿಸಿ ತಂದಳು, ಅದನ್ನೂ ಕುಡಿದೆ.

ಉಳಿದ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಹೋಗಬೇಕೆನಿಸಿತು. ಊರುಗೋಲು ಊರಿಕೊಂಡು ಕೊಟ್ಟಿಗೆಗೆ ಹೋಗಿ ಪರದೆ ಎಳೆದುಕೊಂಡೆ. ಪಕ್ಕದ ಸೀಮೆ ಹಸು ತಿರುಗಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಕುರ್ಚಿ ಬಹಳ ಗಿಡ್ಡ, ಏಳುವಾಗ ಬೀಳುತ್ತೇನೆಂದು ಹೆದರಿದೆ.

"ಅಗ್ಗ ಇಡ್ಕೊಂಡು ಏಳಕ್ಕ," ಎಂದು ಬಾಗಿಲ ಕಡೆಯಿಂದ ಅವಳು ಕೂಗಿದಳು. "ಗಟ್ಟಿಯಾಗೈತೆ, ಎದ್ರುಕೋಬ್ಯಾಡ."

ಹಗ್ಗ ಹಿಡಿದು ಎದ್ದೆ.